ಮೂರನೆಯ ಕೂಗು

ಕೊಳ್ಳೇಗಾಲದ ಕೋರ್ಟಿನಲ್ಲಿ ಕೇಸಿನ ನಂಬರು ಈಗ ಟೀವಿ ಪರದೆಯ ಮೇಲೆ ಬರುತ್ತದೆ. ಹೆಸರು ಮಾತ್ರ ಬಾಗಿಲಲ್ಲಿ ನಿಂತ ಜವಾನ ಗುರುಸ್ವಾಮಿಯ ಗಂಟಲಿನಿಂದಲೇ ಬರಬೇಕು. ಮೂರು ಸಲ ಕೂಗಬೇಕು. ಮೂರಕ್ಕೂ ಯಾರೂ ಓಗೊಡದಿದ್ದರೆ ಅರ್ಜಿ ವಜಾ, ಎದುರಾಳಿಗೆ ಮಜಾ.

ಗುರುಸ್ವಾಮಿ ಊರು ನೋಡಿ ಕೂಗುವವನು. ಸತ್ತೇಗಾಲದವರಾದರೆ ಗದ್ದೆಯ ಬದುವಿನಿಂದ ಕರೆದಂತೆ ಎಳೆದು, ಗೋಪಿನಾಥಂ ಕಡೆಯವರಾದರೆ ಕೊನೆಗೊಂದು ತಮಿಳಿನ 'ವಾಂಗ' ಅಂಟಿಸಿ. ಕ್ಯಾಂಟೀನಿನಲ್ಲಿ ವಕೀಲರನ್ನೂ ಕಕ್ಷಿದಾರರನ್ನೂ ಅಣಕಿಸಿ ನಗಿಸುತ್ತಿದ್ದ. ಅವನ ಸ್ವಂತ ದನಿ ಹೇಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ನೇಕಾರರ ಬೀದಿಯ ಮನೆಗೆ ಹೋದ ಮೇಲೂ ಅದೇ ಆಟ. ತೀರಿಕೊಂಡ ಹೆಂಡತಿ ಚಿಕ್ಕತಾಯಮ್ಮನ ದನಿಯಲ್ಲಿ "ಎದ್ ಬನ್ನಿ, ಇಟ್ ಆರೋಯ್ತದೆ" ಎಂದು ತಾನೇ ಕರೆದು, "ಬಂದೆ ಕಣೆ" ಎಂದು ತಾನೇ ಓಗೊಟ್ಟು, ತಟ್ಟೆಯ ಮುಂದೆ ಕೂರುತ್ತಿದ್ದ.

ಆ ಸೋಮವಾರ ಶಿವರತ್ನಮ್ಮನ ಕೇಸಿತ್ತು. ಗೋಪಿನಾಥಂನಿಂದಾಚೆಯ ಒಂದು ಊರಿನವಳು. ಗ್ರಾಮ ಪಂಚಾಯಿತಿಗೆ ನಿಂತು ಉದಯಕುಮಾರನೆದುರು ಒಂದೇ ವೋಟಿನಲ್ಲಿ ಸೋತಿದ್ದಳು. ಮತ್ತೊಮ್ಮೆ ಎಣಿಸಿ ಎಂಬುದಷ್ಟೇ ಅವಳ ಅರ್ಜಿ. ಅವಳ ವಕೀಲರು ಅರ್ಧದಲ್ಲೇ ಕೈಬಿಟ್ಟಿದ್ದರು. ಹಿಂದಿನ ಸಲ ಹೊರಡುವಾಗ ಗುರುಸ್ವಾಮಿಗೆ ಹೇಳಿದ್ದಳು: "ಸಾ, ನಮ್ಮೂರಿಂದ ಒಂದೇ ಬಸ್ಸು. ಇಲ್ಗೆ ಬರಾದು ಅನ್ನೆರಡೂವರೆ. ಇವತ್ತೇನೋ ತೋಟದ ಲಾರಿ ಸಿಕ್ತು. ಮುಂದ್ಲ ಸಲ ನಾನಿಲ್ದಿದ್ರೆ ವಸಿ ಎಳ್ದು ಕೂಗಿ."

ಹನ್ನೊಂದೂಕಾಲಿಗೆ ಅವಳ ನಂಬರು ಬಂತು.

"ಶಿವರತ್ನಮ್ಮಾ..." ಎಂದು ಕೂಗಿದ. ಜಗಲಿಯಲ್ಲಿ ಯಾರೂ ಏಳಲಿಲ್ಲ. ಎರಡನೆಯದನ್ನು ಉಸಿರಿರುವಷ್ಟೂ ಎಳೆದ. ಉಸಿರು ಮುಗಿಯಿತು, ಬಸ್ಸು ಬರಲಿಲ್ಲ.

ಒಳಗೆ ಉದಯಕುಮಾರನ ವಕೀಲ ಷಡಕ್ಷರಿ ನಕ್ಕರು. "ಮೇಡಂ, ವಾದಿಯೇ ಇಲ್ಲ ಅಂದ್ಮೇಲೆ ವಿವಾದ ಎಲ್ಲಿಂದ?"

ಶಿವರತ್ನಮ್ಮನ ದನಿ ಗುರುಸ್ವಾಮಿಯ ನಾಲಿಗೆಯ ತುದಿಯಲ್ಲಿತ್ತು. ಬಾಗಿಲ ಮರೆಗೆ ಸರಿದು "ಬಂದೆ ಸಾ, ನೀರ್ ಕುಡ್ದು ಬತ್ತೀನಿ" ಎಂದರೆ ನ್ಯಾಯಾಧೀಶರೂ ನಂಬುತ್ತಿದ್ದರು. ಒಂದು ಹೆಜ್ಜೆ ಸರಿದೂಬಿಟ್ಟ. ಬಾಯಿ ತೆರೆದ. ಆದರೆ ಅವಳು ಅಷ್ಟು ದೂರದಿಂದ ಬರುತ್ತಿರುವುದು ತನ್ನ ಮಾತನ್ನು ತಾನೇ ಹೇಳುವುದಕ್ಕೆ. ಅದನ್ನೂ ಇವನೇ ಹೇಳಿಬಿಟ್ಟರೆ?

ಮೂರನೆಯ ಕೂಗು ಬಾಕಿಯಿಟ್ಟು ಒಳಗೆ ಹೋದ.

"ಗೋಪಿನಾಥಂ ಬಸ್ಸು ಬರೋದು ಹನ್ನೆರಡೂವರೆಗೆ, ಮೇಡಂ. ಆಯಮ್ಮ ಅದ್ರಲ್ಲವ್ರೆ."

ನ್ಯಾಯಾಧೀಶರು ತಲೆಯೆತ್ತಿದರು. "ಯಾರು ಮಾತಾಡಿದ್ದು?"

"ನಾನೇ. ಗುರುಸ್ವಾಮಿ."

"ಏನಯ್ಯಾ, ಕೂಗೋನೂ ವಕಾಲತ್ತು ಹಾಕ್ತಾನಾ?" ಎಂದರು ಷಡಕ್ಷರಿ.

"ವಕಾಲತ್ತಲ್ಲ, ಬಸ್ಸಿನ ಟೈಮು ಹೇಳಿದ್ರು," ಎಂದರು ನ್ಯಾಯಾಧೀಶರು. "ಮಧ್ಯಾಹ್ನ ಕೂಗಿ. ಇನ್ಮೇಲೆ ಕೇಳಿದಾಗ ಮಾತ್ರ ಮಾತಾಡಿ."

ಮಧ್ಯಾಹ್ನ ಮೊದಲ ಕೂಗು ಮುಗಿಯುವ ಮುಂಚೆಯೇ "ಇವ್ನಿ ಸಾ!" ಎಂದು ಶಿವರತ್ನಮ್ಮ ಓಡಿಬಂದಳು. ಕಾಲು ಗಂಟೆ ತಾನೇ ಮಾತಾಡಿದಳು. ಮುಂದಿನ ತಾರೀಖಿಗೆ ಮತಪತ್ರಗಳನ್ನು ತರಿಸಬೇಕೆಂದು ಆದೇಶವಾಯಿತು.

"ವಸಿ ಎಳ್ದು ಕೂಗುದ್ರಾ ಸಾ?" ಎಂದಳು ಹೊರಬಂದು.

"ಎಳ್ದೆ ಕಣವ್ವ. ಸಾಲ್ನಿಲ್ಲ."

ಅವಳು ನಕ್ಕು, ಚೀಲ ಎತ್ತಿಕೊಂಡು, ಊರಿಗೆ ವಾಪಸು ಹೋಗುವ ಬಸ್ಸಿಗೆ ಓಡಿದಳು. ಜಗಲಿ ಬರಿದಾಯಿತು.

ಸಂಜೆ ಮನೆಯಲ್ಲಿ ಹಿಟ್ಟು ತಿರುವಿಟ್ಟು, ಎಂದಿನಂತೆ ಚಿಕ್ಕತಾಯಮ್ಮನ ದನಿ ತೆಗೆಯಹೋದ. ಬರಲಿಲ್ಲ; ಬರಿಸಲೂ ಇಲ್ಲ. ಗಂಟಲು ಸರಿಮಾಡಿಕೊಂಡು ತನ್ನದೇ ದನಿಯಲ್ಲಿ ಅವಳ ಹೆಸರು ಕೂಗಿದ. ಇನ್ನೊಮ್ಮೆ ಕೂಗಿದ. ಪಕ್ಕದ ಮನೆಯ ಮಗ್ಗ ಒಂದು ಗಳಿಗೆ ನಿಂತು, ಮತ್ತೆ ಸದ್ದು ಶುರುಮಾಡಿತು.

ಮೂರನೆಯದನ್ನು ಬಾಕಿಯಿಟ್ಟು ಊಟಕ್ಕೆ ಕೂತ.