ಅಕ್ಕೋರ ಕಳ್ಳತನಕ್ಕೆ ಜೊತೆಯಾದ ಝಾರಿ

ನಾನು ಒಂದು ತಗಡಿನ ಝಾರಿ. ಗಿಡಗಳಿಗೆ ನೀರು ಹಾಕುವುದು ನನ್ನ ಕೆಲಸವಾಗಿತ್ತು. ‘ಆಗಿತ್ತು’ ಎಂದೆನಲ್ಲ, ಅದು ಯಾಕೆಂದು ಆಮೇಲೆ ಹೇಳುತ್ತೇನೆ. ಅವಸರ ಮಾಡಬೇಡಿ. ಗಿಡಗಳ ಸಹವಾಸಕ್ಕೆ ಬಿದ್ದವರು ಅವಸರ ಮಾಡಿ ಏನನ್ನೂ ಕಂಡಿಲ್ಲ.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ಇಮಾಮಸಾಬನ ತಗಡಿನ ಅಂಗಡಿಯಲ್ಲಿ. ಅದಕ್ಕೂ ಮೊದಲು ಕುಸುಬಿ ಎಣ್ಣೆಯ ಡಬ್ಬವಾಗಿದ್ದೆ. ಆ ಜನ್ಮದ ನೆನಪು ನನಗೆ ಅಷ್ಟಿಲ್ಲ. ಇಮಾಮಸಾಬ ನನ್ನನ್ನು ಕತ್ತರಿಸಿ, ಬಗ್ಗಿಸಿ, ಬಡಿದು, ಎದೆಯಿಂದ ಒಂದು ಉದ್ದನೆಯ ಕೊಳವೆ ಎಬ್ಬಿಸಿ, ಅದರ ತುದಿಗೆ ಜರಡಿಯಂಥ ಮೂತಿ ಕೂರಿಸಿದ. ಮೂತಿಯ ತೂತುಗಳನ್ನು ಮೊಳೆ ಹಿಡಿದು ಒಂದೊಂದಾಗಿ ಹೊಡೆದ. ಆಗ ನೋವಾಯಿತು, ನಿಜ. ಆದರೆ ಮೊದಲ ಸಲ ನೀರು ತುಂಬಿ ಬಗ್ಗಿಸಿದಾಗ ನನ್ನ ಮೂತಿಯಿಂದ ಸಣ್ಣ ಮಳೆಯೇ ಬಿತ್ತು ನೋಡಿ, ನನಗೇ ಹೆಮ್ಮೆ ಎನಿಸಿತು.

ನನ್ನನ್ನು ಮಾಡಿಸಿದವರು ನೀಲವ್ವ ಬಳಿಗಾರ, ಹೆಣ್ಣುಮಕ್ಕಳ ಶಾಲೆಯ ಹೆಡ್ ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಅವರು ಅಂಗಡಿಗೆ ಬಂದವರೇ ನನ್ನನ್ನು ಬೆಳಕಿಗೆ ಎತ್ತಿ ಹಿಡಿದು, ಸುತ್ತ ತಿರುಗಿಸಿ, ಉತ್ತರ ಪತ್ರಿಕೆ ನೋಡುವ ಕಣ್ಣಿನಿಂದ ನೋಡಿದರು.

“ಇಮಾಮಸಾಬ, ಬುಡದಾಗ ನೀರು ಜಿನುಗಾಕತ್ತೈತಿ.”

“ಎಲ್ಲೈತ್ರಿ ಅಕ್ಕೋರ? ನನಗಂತೂ ಕಾಣವಲ್ದು.”

“ನನಗ ಕಾಣತೈತಿ. ಇನ್ನೊಮ್ಮೆ ಬೆಸುಗಿ ಹಾಕು.”

ಇಮಾಮಸಾಬ ಗೊಣಗುತ್ತ ಇನ್ನೊಮ್ಮೆ ಬೆಸುಗೆ ಹಾಕಿದ. ಅಂದಿನಿಂದ ನನ್ನ ಬುಡ ನನ್ನ ಬಲಹೀನ ಜಾಗ.

ಶಾಲೆಯ ತೋಟದಲ್ಲಿ ಹದಿನಾರು ವರ್ಷ ದುಡಿದೆ. ತೋಟವೆಂದರೆ ಏನೆಂದು ತಿಳಿದಿರಿ? ಹಚ್ಚಿದ ಹತ್ತರಲ್ಲಿ ನಾಲ್ಕು ಗಿಡ ಆಡಿನ ಹೊಟ್ಟೆಗೆ, ಮೂರು ಚೆಂಡಿನ ಏಟಿಗೆ. ಉಳಿದ ಮೂರನ್ನು ಹುಡುಗಿಯರು ಬೇರು ಬಂತೋ ಇಲ್ಲವೋ ನೋಡೋಣವೆಂದು ದಿನಾ ಕಿತ್ತು ಮತ್ತೆ ಊರುತ್ತಿದ್ದರು. ಅಕ್ಕೋರು ಒಬ್ಬರಿಗೂ ಹೊಡೆಯಲಿಲ್ಲ. “ನಿನ್ನ ಕಾಲು ಬೆಳದಾವೇನಂತ ನಿಮ್ಮವ್ವ ದಿನಾ ಎಳದು ನೋಡ್ತಾಳೇನು?” ಎಂದು ಕೇಳಿ, ಹನ್ನೊಂದನೆಯ ಗಿಡ ಹಚ್ಚುತ್ತಿದ್ದರು. ಆ ಹೆಣ್ಣುಮಗಳ ತಾಳ್ಮೆ ದೊಡ್ಡದು. ಅದನ್ನು ಹೊತ್ತು ತಿರುಗಿದ ನಾನು ಹೇಳುತ್ತಿದ್ದೇನೆ, ನಂಬಿ.

ಅವರು ನಿವೃತ್ತರಾದ ದಿನ ಮಾಸ್ತರರೆಲ್ಲ ಸೇರಿ, “ಝಾರಿ ನಿಮಗ ಇರಲಿ, ತಗೊಂಡು ಹೋಗ್ರಿ” ಎಂದರು. ಅಕ್ಕೋರಿಗೆ ಸಿಟ್ಟೇ ಬಂತು. “ಸಾಲಿ ಸಾಮಾನು ಮನಿಗೆ ಒಯ್ಯಾಕಿ ಅಲ್ಲ ನಾ” ಎಂದವರೇ ಮರುದಿನ ಪೇಟೆಯಿಂದ ಹೊಸ ಝಾರಿ ತಂದು ಶಾಲೆಯ ಮೂಲೆಯಲ್ಲಿಟ್ಟು, ಬದಲಿಗೆ ಈ ಹಳೆಯದನ್ನು ಒಯ್ದಿದ್ದೇನೆ ಎಂದು ಚೀಟಿ ಬರೆದು, ಹೊಸ ಹೆಡ್ ಮಾಸ್ತರರಿಂದ ಸಹಿ ಹಾಕಿಸಿಕೊಂಡರು. ಆಮೇಲೆಯೇ ನನ್ನ ಹಿಡಿಕೆ ಹಿಡಿದದ್ದು. ಇಂಥವರ ಮನೆಗೆ ಬಂದೆನಲ್ಲ ಎಂದು ನಾನು ಎದೆಯುಬ್ಬಿಸಿಕೊಂಡೇ ಬಂದೆ.

ಅವರ ಮನೆ ಚಿಕ್ಕದು, ಮುಂದಿನ ಅಂಗಳ ಅದಕ್ಕಿಂತ ಚಿಕ್ಕದು. ಒಬ್ಬರೇ ಇದ್ದರು, ಒಬ್ಬರೇ ಇರುವುದು ಅವರಿಗೆ ಸೊಗಸಾಗಿತ್ತು. ಅಂಗಳದ ಗೋಡೆಯ ಪಕ್ಕ ಒಂದು ಪನ್ನೀರು ಗುಲಾಬಿ. ಅಕ್ಕೋರಿಗೆ ಮೊದಲ ನೌಕರಿ ಸಿಕ್ಕ ದಿನ ಅವರ ಅವ್ವ ತನ್ನ ಹಿತ್ತಲಿನಿಂದ ಬೇರು ಸಮೇತ ಅಗೆದು, ಹಸಿ ಗೋಣಿಯಲ್ಲಿ ಸುತ್ತಿ ಕೊಟ್ಟ ಗಿಡ ಅದು. ಆ ಹಿತ್ತಲು ಈಗಿಲ್ಲ, ಅವ್ವನೂ ಇಲ್ಲ. ಹೂವು ಸಣ್ಣದು, ಮಧ್ಯಾಹ್ನಕ್ಕೆ ಬಾಡುವಂಥದ್ದು, ಆದರೆ ಬೆಳಿಗ್ಗೆ ಅರಳಿತೆಂದರೆ ಪರಿಮಳ ಓಣಿಯ ತಿರುವಿನ ತನಕ ಹೋಗುತ್ತಿತ್ತು. ಅಕ್ಕೋರು ಅದಕ್ಕೆ ‘ಅವ್ವನ ಗುಲಾಬಿ’ ಎಂದೇ ಹೆಸರಿಟ್ಟಿದ್ದರು.

ಆ ಒಂದು ಗಿಡಕ್ಕಾಗಿ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ನಳಕ್ಕೆ ವಾರಕ್ಕೊಮ್ಮೆ ನೀರು, ಹಾಗಾಗಿ ಅಕ್ಕಿ ತೊಳೆದ ನೀರು, ಕಾಯಿಪಲ್ಯೆ ತೊಳೆದ ನೀರು ಎಲ್ಲ ನನ್ನ ಹೊಟ್ಟೆಗೇ. ಅನ್ನದ ಅಗುಳು ಮೂತಿಗೆ ಸಿಕ್ಕಿಕೊಂಡರೆ ಪಿನ್ನಿನಿಂದ ತೂತು ಬಿಡಿಸುತ್ತ ಕೂರುತ್ತಿದ್ದರು. ಮೊಗ್ಗು ಬಿಟ್ಟಿತೆಂದರೆ ಹೇನು ಹತ್ತುತ್ತಿತ್ತು, ಹೇನು ಹೋಯಿತೆಂದರೆ ಮಂಗಗಳ ಹಿಂಡು ಬರುತ್ತಿತ್ತು. ಇನ್ನು ದಾರಿಯಲ್ಲಿ ಹೋಗುವವರ ಉಪದೇಶ! ಒಬ್ಬ ಟೊಂಗೆ ಸವರಿರಿ ಎನ್ನುವನು, ಮತ್ತೊಬ್ಬಾಕೆ ಸವರಬೇಡಿ ಎನ್ನುವಳು, ಮೂರನೆಯವನು ಬುಡಕ್ಕೆ ತತ್ತಿಯ ಸಿಪ್ಪೆ ಹಾಕಿ ಎನ್ನುವನು. ಇಷ್ಟು ಹೇಳಿದವರಲ್ಲಿ ಒಬ್ಬರ ಮನೆಯಲ್ಲೂ ಒಂದು ತುಳಸಿ ಗಿಡ ನೆಟ್ಟಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೀಡೆ ಎದುರು ಮನೆಯ ಪ್ರಲ್ಹಾದ ಕಟ್ಟಿಯವರು. ಪೋಸ್ಟ್ ಆಫೀಸಿನಿಂದ ನಿವೃತ್ತರಾದವರು, ಭಾರಿ ದೈವಭಕ್ತರು. ಬೆಳಕು ಹರಿಯುವ ಮೊದಲೇ ಒಂದು ಕೈಯಲ್ಲಿ ಕೊಕ್ಕೆ ಕೋಲು, ಇನ್ನೊಂದರಲ್ಲಿ ಬುಟ್ಟಿ ಹಿಡಿದು ಓಣಿಯ ಹೂವನ್ನೆಲ್ಲ ತಮ್ಮ ದೇವರಿಗೆ ಸಾಗಿಸುತ್ತಿದ್ದರು. ಅಕ್ಕೋರು ‘ಹೂವು ಹರಿಯಬಾರದು’ ಎಂದು ಹಲಗೆ ಬರೆಸಿ ಗೇಟಿಗೆ ಕಟ್ಟಿದರು. ಕಟ್ಟಿಯವರು ಹಲಗೆಗೇ ಕೋಲು ಆನಿಸಿಟ್ಟು ಹೂವು ಹರಿದರು.

“ಹಲಗಿ ಓದಾಕ ಬರೂದಿಲ್ಲೇನ್ರಿ ನಿಮಗ?”

“ಬರ್ತದ್ರಿ ಅಕ್ಕೋರ. ಆದ್ರ ಗ್ವಾಡಿ ಹೊರಗ ಬಂದ ಹೂವು ನಿಮ್ಮದಲ್ಲ, ದೇವರದು.”

“ಹಂಗಾರ ದೇವರ ಬಂದು ಹರಕೊಂಡು ಹೋಗ್ಲಿ. ನೀವ್ಯಾಕ ನಡುವ?”

ಈ ಜಗಳ ದಿನದ ಚಹಾದಷ್ಟೇ ಖಾಯಂ. ಇಬ್ಬರಿಗೂ ಅದು ಬೇಕಾಗಿತ್ತೆಂದು ನನ್ನ ಅಂದಾಜು.

ಮಾತು ನಿಂತದ್ದು ಬೇರೆ ಕಾರಣಕ್ಕೆ. ಕಟ್ಟಿಯವರಿಗೆ ಆ ಗುಲಾಬಿಯ ಗಿಡವೇ ಬೇಕಾಗಿತ್ತು. ಮರ್ಯಾದೆಯಿಂದ ಕೇಳಿದರು, ಅಕ್ಕೋರು ಮನಸಾರೆ ಒಂದು ಕಡ್ಡಿ ಕತ್ತರಿಸಿ ಕೊಟ್ಟರು. ಅದು ಒಣಗಿತು. ಹೀಗೆ ನಾಲ್ಕು ಸಲ ಕೊಟ್ಟರು, ನಾಲ್ಕೂ ಸಲ ಒಣಗಿತು. ಐದನೆಯ ಸಲ ಅವರು ಕೇಳಲಿಲ್ಲ. ಒಂದು ಬೆಳಿಗ್ಗೆ ಗಿಡದ ಒಳಟೊಂಗೆಯಲ್ಲಿ ಓರೆಯಾಗಿ ಕತ್ತರಿಸಿದ ಹಸಿ ಗಾಯ ಕಂಡಿತು. ಆರು ತಿಂಗಳಾದ ಮೇಲೆ ಕಟ್ಟಿಯವರ ಗೇಟಿನ ಒಳಗೆ ಅದೇ ಹೂವು, ಅದೇ ಪರಿಮಳ!

ಅಕ್ಕೋರು ಓಣಿಯ ನಡುವೆ ನಿಂತು ಕೇಳಿದರು: “ಇದು ನನ್ನ ಗಿಡ. ಹೌದೋ ಅಲ್ಲೋ?”

“ಹೌದ್ರಿ. ಕೇಳಿ ಒಯ್ದ ನಾಕೂ ಒಣಗಿ ಹೋದ್ವು, ಕದ್ದದ್ದೊಂದು ಹತ್ತೇದ. ಕದ್ದು ತಂದ ಗಿಡಾನ ಹತ್ತೂದು, ಇಡೀ ಊರಿಗೇ ಗೊತ್ತದ. ನಾ ಏನ್ ಮಾಡ್ಲಿ?”

“ಕಳ್ಳರ ಜೋಡಿ ನನಗ ಮಾತಿಲ್ಲ,” ಎಂದು ಅಕ್ಕೋರು ಬಾಗಿಲು ಹಾಕಿಕೊಂಡರು. ಎರಡು ವರ್ಷ ಮಾತಾಡಲಿಲ್ಲ. ಕಟ್ಟಿಯವರೂ ಕೋಲು ಹಿಡಿದು ಈ ಕಡೆ ಬರಲಿಲ್ಲ. ಬೆಳಗಿನ ಅಂಗಳ ಬಿಕೋ ಎನ್ನತೊಡಗಿತು.

ಆಮೇಲೆ ಆದದ್ದನ್ನು ಹೇಳಲು ನನಗೆ ಇವತ್ತಿಗೂ ಸಂಕಟ. ಎರಡನೆಯ ವರ್ಷದ ಬೇಸಿಗೆಯಲ್ಲಿ ಗುಲಾಬಿ ಹೂವು ಕಡಿಮೆ ಬಿಟ್ಟಿತು. ಗಾಬರಿಯಾದ ಅಕ್ಕೋರು, ಸಾವಿರ ಹುಡುಗಿಯರಿಗೆ ತೋಟಗಾರಿಕೆ ಕಲಿಸಿದ ಅಕ್ಕೋರು, ಕೊಳೆಯದ ಹಸಿ ಸಗಣಿಯನ್ನು ಬುಡಕ್ಕೆ ಹಾಕಿಬಿಟ್ಟರು. ಮೇಲಿಂದ ನೀರು ಹಾಕಿದವನು ನಾನೇ. ಸಗಣಿಗೆ ಗೆದ್ದಲು ಬಂತು, ಗೆದ್ದಲು ಬೇರು ತಿಂದಿತು. ಅಕ್ಕೋರು ದಿನಾ ಉಗುರಿನಿಂದ ತೊಗಟೆ ಕೆರೆದು ಹಸಿರಿದೆಯೇ ಎಂದು ನೋಡುತ್ತಿದ್ದರು. ಇಪ್ಪತ್ತು ದಿನಕ್ಕೆ ಯಾವ ಟೊಂಗೆಯಲ್ಲೂ ಹಸಿರು ಉಳಿಯಲಿಲ್ಲ. “ನನ್ನ ಕೈಯಾರೆ ಕೊಂದೆ” ಎಂದು ಮೆಟ್ಟಿಲ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ಅವ್ವನ ಗುಲಾಬಿ ಉಳಿದದ್ದು ಇಡೀ ಲೋಕದಲ್ಲಿ ಒಂದೇ ಕಡೆ, ಕಳ್ಳರ ಮನೆಯಲ್ಲಿ.

ಕಟ್ಟಿಯವರು ಒಳ್ಳೆಯವರು. ಮೊದಲ ಮಳೆ ಬಿದ್ದ ದಿನ ಒದ್ದೆ ಬಟ್ಟೆಯಲ್ಲಿ ಕಡ್ಡಿ ಸುತ್ತಿಕೊಂಡು ತಾವೇ ಗೇಟಿಗೆ ಬಂದರು. ಅಕ್ಕೋರು ತುಟಿ ಬಿಗಿಹಿಡಿದೇ ತೆಗೆದುಕೊಂಡರು. ಊರಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನನ್ನಿಂದ ನೀರು ಹಾಕಿಸಿದರು, ತಾಸಿಗೊಮ್ಮೆ ಬಂದು ಅಲುಗಿಸಿ ನೋಡಿದರು. ಅದು ಕರ್ರಗಾಗಿ ಕೊಳೆಯಿತು. ಇನ್ನೊಂದು ಕಡ್ಡಿ ಬಂತು. ಅದೂ ಹಾಗೇ ಹೋಯಿತು.

“ಕೊಟ್ಟದ್ದು ಹತ್ತೂದಿಲ್ರಿ ಅಕ್ಕೋರ,” ಎಂದರು ಕಟ್ಟಿಯವರು. “ನೀವು ಕದೀಬೇಕು. ಆರಿದ್ರಾ ಮಳಿ ಮುಗಿಯೂದ್ರಾಗ ಕದ್ರ ಆತು, ಆಮ್ಯಾಲೆ ಕಡ್ಡಿ ಹತ್ತೂದಿಲ್ಲ.”

“ಮೂವತ್ತೆಂಟು ವರ್ಷ ಹುಡುಗ್ಯಾರಿಗೆ ಕದಿಬಾರದಂತ ಕಲಿಸೀನಿ ನಾ!”

“ಕಲಿಸೀರಿ, ಛಲೋ ಮಾಡೀರಿ. ಆದ್ರ ಗುಲಾಬಿ ನಿಮ್ಮ ಸಾಲಿಗೆ ಬಂದಿಲ್ಲಲ್ರಿ.”

ಅಕ್ಕೋರು ನಾಲ್ಕು ದಿನ ಒದ್ದಾಡಿದರು. ನೂಲು ಹಿಡಿದರೆ ಸೂಜಿ ಮರೆಯುವರು, ಅನ್ನಕ್ಕಿಟ್ಟರೆ ಉಪ್ಪು ಮರೆಯುವರು. ಐದನೆಯ ಬೆಳಿಗ್ಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಸೆರಗು ಬಿಗಿದು ಸಿಕ್ಕಿಸಿ, ನನ್ನ ಹೊಟ್ಟೆಯೊಳಗೆ ಕತ್ತರಿ ಇಟ್ಟು, ನನ್ನನ್ನು ಎತ್ತಿಕೊಂಡು ಹೊರಟೇಬಿಟ್ಟರು. ಮಳೆ ಬರುವಾಗ ಯಾರಾದರೂ ಝಾರಿ ಹಿಡಿದು ಹೋಗುತ್ತಾರೆಯೇ? ಹೇಳೋಣವೆಂದರೆ ನನಗೆ ಬಾಯಿಲ್ಲ, ಇರುವುದು ಬರೀ ಮೂತಿ. ಕಳ್ಳತನದ ಅನುಭವವಿಲ್ಲದ ಬಡ ಜೀವ ಅದು.

ಕಟ್ಟಿಯವರ ಗೇಟು ಊರಿಗೆಲ್ಲ ಕೇಳುವಂತೆ ಕಿರುಗುಡುವ ಗೇಟು. ಅಂದು ಎಣ್ಣೆ ಕುಡಿದು ಬಾಯಿ ಮುಚ್ಚಿಕೊಂಡಿತ್ತು. ಚಿಲಕವನ್ನೂ ಹಾಕಿರಲಿಲ್ಲ. ಕಟ್ಟಿಯವರು ಪಡಸಾಲೆಯಲ್ಲಿ ಕೂತು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಅಂದಿನ ಪತ್ರಿಕೆ ಇನ್ನೂ ಬಂದಿರಲಿಲ್ಲ, ಅದು ನಿನ್ನೆಯದು. ನಮ್ಮನ್ನು ಕಂಡು ಎರಡು ಸಲ ಗಟ್ಟಿಯಾಗಿ ಕೆಮ್ಮಿ, ಪೂರ್ತಿ ಗೋಡೆಯ ಕಡೆ ತಿರುಗಿದರು.

ಅಕ್ಕೋರು ಗಿಡದೊಳಗೆ ಕೈ ಹಾಕಿದರು. ಮುಳ್ಳು ಚುಚ್ಚಿತು, ರಕ್ತ ಬಂತು, ಒರೆಸಿಕೊಳ್ಳಲೂ ಇಲ್ಲ. ಮೂರು ಕಡ್ಡಿ ಕತ್ತರಿಸಿ ನನ್ನೊಳಗೆ ಹಾಕಿ ಸೆರಗು ಮುಚ್ಚಿದರು. ಗೇಟಿನ ತನಕ ಬಂದೆವು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಕಟ್ಟಿಯವರ ಹೆಂಡತಿ, “ಯಾರ್ರಿ ಅದು ಗೇಟಿನಾಗ?” ಎಂದು ಕೂಗಿದರು.

“ಯಾರೂ ಇಲ್ಲ. ಬೆಕ್ಕು!” ಎಂದರು ಕಟ್ಟಿಯವರು.

ಅಕ್ಕೋರು ನಿಂತುಬಿಟ್ಟರು. ಅವರ ಸಲುವಾಗಿ ಇನ್ನೊಬ್ಬರು ಸುಳ್ಳು ಹೇಳುವುದೆಂದರೇನು! ಹಿಂತಿರುಗಿ ನೋಡಿ, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದರು:

“ಬೆಕ್ಕಲ್ರಿ, ನಾನು! ನೀಲವ್ವ ಬಳಿಗಾರ!”

“ಅಯ್ಯಯ್ಯ ಅಕ್ಕೋರ!” ಎಂದು ಕಟ್ಟಿಯವರು ಪತ್ರಿಕೆಯ ಹಿಂದಿನಿಂದಲೇ ಗೋಗರೆದರು. “ಸುಮ್ನ ಹೋಗ್ರಿ ತಾಯಿ! ಮತ್ತ ಒಣಗ್ತಾವು!”

ಮನೆಗೆ ಬಂದ ಅಕ್ಕೋರಿಗೆ ಎಂಥ ನಾಚಿಕೆ ಎಂದರೆ ಆ ಕಡ್ಡಿಗಳ ಮುಖ ನೋಡಲೂ ಆಗಲಿಲ್ಲ. ಎರಡನ್ನು ಅಂಗಳದಲ್ಲಿ ಅವಸರದಿಂದ ಊರಿದರು. ಮೂರನೆಯದಕ್ಕೆ ಜಾಗ ಹುಡುಕುವಾಗ ಗಮನಿಸಿದರು, ನನ್ನೊಳಗೆ ಬಿದ್ದ ಮಳೆ ನೀರೆಲ್ಲ ಬುಡದಿಂದ ಸೋರಿ ಹೋಗಿತ್ತು. ಇಮಾಮಸಾಬನ ಬೆಸುಗೆ ಕಡೆಗೂ ಕೈಕೊಟ್ಟಿತ್ತು. “ನಿಂದೂ ಮುಗೀತೇನೋ” ಎಂದು ನನ್ನ ಹಿಡಿಕೆಯನ್ನು ಒಂದು ಗಳಿಗೆ ಸವರಿದರು. ಆಮೇಲೆ ನನ್ನೊಳಗೆ ಮಣ್ಣು ತುಂಬಿ, ಆ ಕಡ್ಡಿಯನ್ನು ನನ್ನಲ್ಲೇ ಊರಿ, ಬಚ್ಚಲ ಗೋಡೆಯ ಹಿಂದೆ ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿಟ್ಟರು. ತಿಂಗಳೊಪ್ಪತ್ತು ಆ ಕಡೆ ಸುಳಿಯಲಿಲ್ಲ.

ಅಂಗಳದ ಎರಡೂ ಕಡ್ಡಿ ಒಣಗಿದವು. ನನ್ನೊಳಗಿನದು ಚಿಗುರಿತು.

ಕದ್ದದ್ದಕ್ಕೆ ಹತ್ತಿತೆಂದು ಕಟ್ಟಿಯವರು ಓಣಿಯಲ್ಲೆಲ್ಲ ಸಾರಿದರು. ನನ್ನ ಲೆಕ್ಕ ಬೇರೆ. ಆಯುಷ್ಯವಿಡೀ ನೀರು ಹಾಕಿದವನು ನಾನು, ನನಗೆ ಗೊತ್ತು. ಕೊಟ್ಟ ಕಡ್ಡಿಯ ಮೇಲೆ ಎಲ್ಲರ ಕಣ್ಣು. ಪ್ರೀತಿ ಹೆಚ್ಚಾಗಿ ಹೊತ್ತಿಗೊಮ್ಮೆ ನೀರು ಹಾಕುತ್ತಾರೆ, ಅಲುಗಿಸಿ ನೋಡುತ್ತಾರೆ, ಶಾಲೆಯ ಹುಡುಗಿಯರು ಮಾಡುತ್ತಿದ್ದ ಹಾಗೆಯೇ. ಕದ್ದದ್ದನ್ನು ಹೆದರಿ ಮೂಲೆಯಲ್ಲಿ ಬಚ್ಚಿಡುತ್ತಾರೆ, ಅದರ ಪಾಡಿಗೆ ಅದು ಬೇರು ಬಿಡುತ್ತದೆ. ಆದರೆ ಇದನ್ನು ಹೇಳಿ ಯಾರ ಸಂತೋಷ ಕೆಡಿಸಲಿ?

ಅಕ್ಕೋರು ನನ್ನನ್ನು ಕಂಡದ್ದು ಶ್ರಾವಣದಲ್ಲಿ, ಬೂದಿ ಹುಡುಕುತ್ತ ಬಚ್ಚಲ ಹಿಂದೆ ಬಂದಾಗ. ಕೆಂಪು ಕುಡಿ ಕಂಡು, “ಯವ್ವಾ!” ಎಂದು ಅಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಯಾವ ಅವ್ವನನ್ನು ಕರೆದರೆಂದು ನಾನು ಕೇಳಬೇಕಾಗಿರಲಿಲ್ಲ.

ಈಗ ನಾನು ಅಂಗಳದ ಮುಂದಿನ ಕಟ್ಟೆಯ ಮೇಲಿದ್ದೇನೆ. ಮೈಯೆಲ್ಲ ತುಕ್ಕು, ಮೂತಿ ಉದುರಿಹೋಗಿದೆ. ಆಯುಷ್ಯವಿಡೀ ನೀರು ಕೊಟ್ಟವನು ಈಗ ಕುಡಿಯುತ್ತ ಕೂತಿದ್ದೇನೆ. ಅಕ್ಕೋರು ಪ್ಲಾಸ್ಟಿಕ್ ಚಂಬಿನಿಂದ ಹದವಾಗಿ ಹಾಕುತ್ತಾರೆ, ನನ್ನಷ್ಟು ಸಣ್ಣ ಮಳೆ ಅದಕ್ಕೆ ಬರುವುದಿಲ್ಲ ಬಿಡಿ. ಕಟ್ಟಿಯವರು ಮತ್ತೆ ಕೋಲು ಹಿಡಿದು ಬರುತ್ತಾರೆ, ಅಕ್ಕೋರು ಮತ್ತೆ ಬೈಯುತ್ತಾರೆ, ಓಣಿಗೆ ಬೆಳಗಾಗುತ್ತದೆ.

ನಿನ್ನೆ ತಪ್ಪಲುಪಲ್ಯೆ ಮಾರುವ ಕಾಶವ್ವ ಬಂದಿದ್ದಳು. ಅಕ್ಕೋರು ಬುಟ್ಟಿ ತರಲು ಒಳಗೆ ಹೋದರು. ಕಾಶವ್ವ ಆ ಕಡೆ ಈ ಕಡೆ ನೋಡಿ, ನನ್ನ ಗುಲಾಬಿಯ ಒಂದು ಕಡ್ಡಿಯನ್ನು ಪಟಕ್ಕನೆ ಮುರಿದು ಮೆಂತ್ಯದ ಸಿವುಡಿನ ಕೆಳಗೆ ಬಚ್ಚಿಟ್ಟಳು. ನನಗೆ ನೋವಾಗಲಿಲ್ಲ. ನಾನು ಕಿಟಕಿಯತ್ತ ನೋಡಿದೆ. ಅಲ್ಲಿ ಅಕ್ಕೋರು ಬುಟ್ಟಿ ಹಿಡಿದು ನಿಂತಿದ್ದರು, ಎಲ್ಲವನ್ನೂ ಕಂಡಿದ್ದರು. ಗೋಡೆಯ ಕಡೆ ತಿರುಗಿ, ಎರಡು ಸಲ ಗಟ್ಟಿಯಾಗಿ ಕೆಮ್ಮಿ, ಸ್ವಲ್ಪ ಹೊತ್ತು ತಡೆದು ಹೊರಗೆ ಬಂದರು.