ಬಾಯಿ ಮೇಲಾಗಿ ನಿಂತ ಗಂಟೆ

ದೂರದೇಶದ ಸರೋವರದಂಡೆಯ ಊರಾದ ಪೋರ್ಟ್ ಕ್ರೆಡಿಟ್ಟಿನ ಆ ಹಳೇ ಚರ್ಚಿನ ಗೋಪುರದ ಕೀಲಿಕೈ ಇದ್ದದ್ದು ಗದಗಿನ ಮುರಿಗೆಪ್ಪನವರ ಹತ್ತಿರ. ಗೋಡೆಯ ಬಿರುಕು ನೋಡಲು ಬರ್ಲಿಂಗ್ಟನ್ನಿನ ಆಫೀಸಿನಿಂದ ಬಂದಿದ್ದ ಹೇಮಶ್ರೀಗೆ ಅದನ್ನು ಕೇಳಿ ನಗು ಬಂತು. ಅವಳು ಮೈಸೂರಿನವಳು, ಸ್ಟ್ರಕ್ಚರಲ್ ಎಂಜಿನಿಯರ್. ಚರ್ಚಿನ ಬಾಗಿಲಲ್ಲಿ ಕನ್ನಡ ಕಿವಿಗೆ ಬೀಳುತ್ತದೆ ಎಂದು ಎಣಿಸಿರಲಿಲ್ಲ.

“ದೇವರಿಗೆ ಬಂದಾವ ಅಲ್ಲರೀ ನಾ, ಹಗ್ಗಕ್ಕ ಬಂದಾವ,” ಎಂದರು ಮುರಿಗೆಪ್ಪ. “ರಿಟೈರ್ ಆದಮ್ಯಾಲೆ ಮನ್ಯಾಗ ಕುಂತು ಕುಂತು ಬ್ಯಾಸರ ಬಂದಿತ್ತು. ಗಂಟಿ ಬಾರಸೂದು ಕಲಸ್ತೀವಿ ಅಂತ ಲೈಬ್ರರ್ಯಾಗ ನೋಟಿಸ್ ಹಚ್ಚಿದ್ರು. ಡೊರೊಥಿ ಅಂತ ಒಬ್ಬರು ವಯಸ್ಸಾದಾಕಿ ಕಲಿಸಿದ್ರು. ಹೋದ ಚಳಿಗಾಲದಾಗ ತೀರಿಕೊಂಡ್ರು.”

೨೦೧೭ರ ಅಕ್ಟೋಬರ್, ಶನಿವಾರದ ಮಧ್ಯಾಹ್ನ. ಇಂಗ್ಲೆಂಡಿನಿಂದ ಬಂದು ನೆಲೆಸಿದವರು ತಮ್ಮೂರಿನ ಚರ್ಚನ್ನು ನೆನೆಸಿಕೊಂಡು ಕಟ್ಟಿಸಿದ್ದ ಗೋಪುರ ಅದು. ಚೌಕನೆಯ ಬೂದುಗಲ್ಲು, ಮೂಲೆಗಳಲ್ಲಿ ಮೇಲೇರುತ್ತ ಕಿರಿದಾಗುವ ಆಸರೆಗೋಡೆ, ನೆತ್ತಿಯಲ್ಲಿ ಕೋಟೆಗಿರುವಂತೆ ಹಲ್ಲುಹಲ್ಲಾದ ತೆನೆಗಳು. ಅದರ ಕೆಳಗೆ, ಸದ್ದು ಹೊರಗೆ ಹೋಗಲೆಂದು ಓರೆಪಟ್ಟಿ ಜೋಡಿಸಿದ ಕಿಟಕಿಗಳು. ಬಿರುಕು ಕಂಡ ಮೇಲೆ ಬೇಸಿಗೆಯಿಂದ ಗಂಟೆ ಬಾರಿಸುವುದನ್ನು ನಿಲ್ಲಿಸಿದ್ದರು.

ಸುತ್ತುವ ಕಲ್ಲುಮೆಟ್ಟಿಲು ಹತ್ತಿ ಹಗ್ಗದ ಕೋಣೆಗೆ ಬಂದರು. ಸೂರಿನ ತೂತುಗಳಿಂದ ಆರು ಹಗ್ಗ ವೃತ್ತಾಕಾರವಾಗಿ ಇಳಿಬಿದ್ದಿದ್ದವು. ಹಿಡಿಯುವ ಜಾಗದಲ್ಲಿ ಒಂದೊಂದಕ್ಕೂ ಬಣ್ಣದ ಉಣ್ಣೆ ಸುತ್ತಿತ್ತು. ಹೇಮಶ್ರೀ ಏಣಿ ಹತ್ತಿ ಗಂಟೆಗಳಿದ್ದ ಮೇಲಿನ ಅಟ್ಟಕ್ಕೆ ಹೋದಳು. ಬಿರುಕು ಅಳೆದಳು, ಫೋಟೋ ತೆಗೆದಳು. ತೊಲೆಗಳ ಮೇಲೆ ಬೆರಳಿಟ್ಟರೆ ಹೂತುಹೋಗುವಷ್ಟು ಧೂಳು. ಅಲ್ಲಿಂದಲೇ ಕೂಗಿ ಕೇಳಿದಳು:

“ಅಂಕಲ್, ಇದೊಂದು ಗಂಟೆ ಮಾತ್ರ ಯಾಕೆ ಉಲ್ಟಾ ನಿಂತಿದೆ?”

ಕೆಳಗಿನಿಂದ ಮುರಿಗೆಪ್ಪ ಮೆಲ್ಲಗೆ ಹೇಳಿದರು: “ಮುಟ್ಟಬ್ಯಾಡವಾ. ಗ್ವಾಡಿ ಹಿಡಕೊಂಡು ಕೆಳಗ ಬಾ.”

ಅವಳು ಇಳಿದಾಗ ಮುರಿಗೆಪ್ಪ ನಾಲ್ಕನೆಯ ಹಗ್ಗವನ್ನೇ ನೋಡುತ್ತಿದ್ದರು. ಬಾರಿಸುವ ಮುಂಚೆ ಗಂಟೆಯನ್ನು ತೂಗಿ ತೂಗಿ ಬಾಯಿ ಮೇಲಾಗುವಂತೆ ನಿಲ್ಲಿಸಬೇಕು, ಮುಗಿದ ಮೇಲೆ ಹಾಗೆಯೇ ತೂಗಿ ಇಳಿಸಬೇಕು, ಹಾಗೇ ಬಿಟ್ಟರೆ ಗೊತ್ತಿಲ್ಲದವರು ಹಗ್ಗ ಎಳೆದಾಗ ಗಂಟೆ ಉರುಳಿ, ಹಗ್ಗದ ಜೊತೆ ಮೇಲಕ್ಕೆ ಸೆಳೆದುಹೋಗಿ ಸೂರಿಗೆ ಬಡಿದುಕೊಳ್ಳುತ್ತಾರೆ ಎಂದು ವಿವರಿಸಿದರು.

“ಬ್ಯಾಸಗ್ಯಾಗ ಬಾರಸೂದು ನಿಂತಾಗ ಎಲ್ಲಾ ನಾನ ಇಳಿಸೇನಿ. ಅದು ತಾನಾಗೇ ಏಳಂಗಿಲ್ಲ. ಜಗ್ಗಾಕ ಮನಿಷ್ಯಾ ಬೇಕು.”

“ಬೇರೆ ಯಾರ್ ಹತ್ರಾನಾದ್ರೂ ಕೀ ಇರಬಹುದಲ್ವಾ?”

“ಇಲ್ಲ,” ಎಂದವರೇ ಸೇರಿಸಿದರು, “ಅದು ಡೊರೊಥಿ ಬಾರಸತಿದ್ದ ಗಂಟಿ.”

ಬಿರುಕಿನ ಗೋಡೆಗೆ ಒಂದೇ ಗಂಟೆಯ ತೂಗಾಟವೇನೂ ಹೆಚ್ಚಲ್ಲ, ಇಳಿಸಬಹುದು ಎಂದು ಹೇಮಶ್ರೀ ಧೈರ್ಯ ಹೇಳಿದಳು. ಮುರಿಗೆಪ್ಪ ಜಾಕೆಟ್ ಕಳಚಿಟ್ಟು ಹಗ್ಗ ಹಿಡಿದರು. ಮೊದಲ ಎಳೆತಕ್ಕೆ ಗಂಟೆ ಉರುಳಿತು. ಆ ನಾದ ಕಿವಿಗಿಂತ ಮೊದಲು ಅಂಗಾಲಿಗೆ ತಾಗಿತು. ಪ್ರತಿ ಸಲ ತೂಗಾಟ ತುಸು ಕಡಿಮೆಯಾಗುತ್ತ ಬಂತು. ಇನ್ನೇನು ಮುಗಿಯಿತು ಎನ್ನುವಾಗ ಅವರ ಮುಖ ಬಿಳಿಚಿಕೊಂಡಿತು.

“ಯವ್ವಾ, ನಾ ಜಗ್ಗಾಕತ್ತಿಲ್ಲ.”

“ಏನಂದ್ರಿ?”

ಅವರು ಎರಡೂ ಕೈ ಬಿಡಿಸಿ ತೋರಿಸಿ ಹಿಂದೆ ಸರಿದರು. ಹಗ್ಗ ನಿಲ್ಲಲಿಲ್ಲ. ಉಣ್ಣೆಯ ಭಾಗ ಏರಿತು, ಇಳಿಯಿತು. ಅರಿತ ಕೈಯೊಂದು ಹಿಡಿದಿರುವಂತೆ ಹಗ್ಗ ನೆಟ್ಟಗೆ, ಬಿಗಿಯಾಗಿ ಓಡುತ್ತಿತ್ತು. ಸದ್ದು ಮತ್ತೆ ಜೋರಾಯಿತು; ಗಂಟೆ ಮೇಲಕ್ಕೇಳುತ್ತಿತ್ತು. ಪಕ್ಕದ ಹಗ್ಗ ಅಲುಗಿತು. ಅದರಾಚೆಯದೂ ಅಲುಗಿತು. ಒಂದರ ನಂತರ ಒಂದು, ಸುತ್ತಲೂ ಎಲ್ಲ ಹಗ್ಗಗಳೂ ಯಾರೋ ಹಿಡಿದಂತೆ ಬಿಗಿದು ಸಿದ್ಧವಾದವು. ಹೇಮಶ್ರೀ ಕಲ್ಲುಗೋಡೆಗೆ ಬೆನ್ನೊತ್ತಿ ನಿಂತಳು. ಗೋಡೆ ಉಸಿರೆಳೆದಂತೆ ಹಿಂದೆ ಮುಂದೆ ಆಡುತ್ತಿತ್ತು. ಗಾರೆಯ ಪುಡಿ ಅವಳ ಕತ್ತಿನ ಮೇಲೆ ಉದುರಿತು.

“ಅಂಕಲ್, ಗೋಡೆ ತಡೆಯಲ್ಲ! ನಿಲ್ಲಿಸಿ!”

ಮುರಿಗೆಪ್ಪ ನಾಲ್ಕನೆಯ ಹಗ್ಗದ ಹಿಂದಿನ ಖಾಲಿ ಜಾಗದ ಕಡೆ ತಿರುಗಿದರು. ಬಾರಿಸುವವರನ್ನು ನಿಲ್ಲಿಸಲು ಕೂಗುವ ಒಂದೇ ಪದವಿತ್ತು. ಅದನ್ನು ಕೂಗುತ್ತಿದ್ದವರು ಯಾವಾಗಲೂ ಡೊರೊಥಿ, ಇವರು ಒಮ್ಮೆಯೂ ಕೂಗಿದವರಲ್ಲ.

“ಸ್ಟ್ಯಾಂಡ್!”

ಹಗ್ಗಗಳು ತಟ್ಟನೆ ನಿಂತವು. ಮೇಲೆ ಗಂಟೆ ಮರದ ತಡೆಗೆ ಒರಗಿದ ಸದ್ದು ಕೇಳಿಸಿತು. ಮತ್ತೆ ಬಾಯಿ ಮೇಲಾಗಿ ನಿಂತಿತ್ತು. ಇಬ್ಬರೂ ಜಾಕೆಟ್ಟನ್ನೂ ಮರೆತು ಕೆಳಗಿಳಿದು ಓಡಿದರು.

ಚಳಿಗಾಲ ಕಳೆದ ಮೇಲೆ ಬಿರುಕಿಗೆ ಉಕ್ಕಿನ ಪಟ್ಟಿ ಹಾಕಿ ಗೋಡೆ ಭದ್ರ ಮಾಡಿದರು. ಕೆಲಸ ಪರಿಶೀಲಿಸಲು ಹೇಮಶ್ರೀ ಹಗಲಲ್ಲೇ, ಇನ್ನಿಬ್ಬರನ್ನು ಜೊತೆಗೆ ಕರೆದುಕೊಂಡು ಹೋದಳು. ಆರು ಗಂಟೆಗಳೂ ಬಾಯಿ ಕೆಳಗಾಗಿ ತೂಗುಬಿದ್ದಿದ್ದವು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮುರಿಗೆಪ್ಪನವರ ಪಕ್ಕ ಕೂತು ಕೇಳಿದಳು:

“ಅದನ್ನ ಯಾರು ಇಳಿಸಿದ್ರು ಅಂಕಲ್?”

“ನಾನ. ಮರುದಿನಾನ ಬಂದೆ. ಹಂಗ ಬಿಟ್ಟು ಹೋಗಾಕ ಮನಸಾಗಲಿಲ್ಲ.” ಅವರು ಸರೋವರದ ಕಡೆ ನೋಡುತ್ತಿದ್ದರು. “ಎಲ್ಲಾರೂ ತಂತಮ್ಮ ಗಂಟಿ ಇಳಿಸಿ ಹೋಗೂತನಕ ಡೊರೊಥಿ ಯಾವತ್ತೂ ಮನಿಗೆ ಹೋದವರಲ್ಲ. ಅದಕ್ಕ ಹೇಳಿದೆ, ಡೊರೊಥಿ, ಎಲ್ಲಾರೂ ಹೋದ್ರು, ಇವತ್ತಿಂದು ಮುಗೀತು, ನಡೀರಿ ಅಂತ. ಹಗ್ಗ ಹಿಡದೆ. ಹೂವಿನಂಗ ಇಳೀತವ್ವಾ.”

“ಆಮೇಲೆ?”

“ಲೈಟ್ ಆರಿಸಿ ಮೆಟ್ಲ ಇಳದೆ. ಹಿಂದ ಹೆಜ್ಜಿ ಸಪ್ಪಳ ಬರತಿತ್ತು. ಮೊಣಕಾಲು ನೋವು ಇದ್ದವರು ಒಂದೊಂದ ಮೆಟ್ಲಕ್ಕೂ ನಿಂತು ಇಳೀತಾರಲ್ಲಾ, ಹಂಗ. ನಾ ತಿರುಗಿ ನೋಡಲಿಲ್ಲ. ಕೆಳಗ ಬಂದು ಬಾಗಲಾ ತಗದು ಹಿಡಕೊಂಡು ನಿಂತೆ. ಭಾಳ ಹೊತ್ತು ನಿಂತೆ. ತಣ್ಣನ ಗಾಳಿ ಒಂದು ನನ್ನ ತೋಳಿಗೆ ತಾಗಿ ಹೊರಗ ಹ್ವಾತು. ಆವಾಗ ಕೀಲಿ ಹಾಕಿದೆ.”