ತಾಯಿತದೊಳಗಿನ ರೈಲುದಾರಿ

ಊರೆಲ್ಲ ಒಂದು ತೋಳಿಗೆ ಅಂಜತೊಡಗಿದರೆ ಆ ತೋಳು ಶಿವನಿಗೂ ಅಂಜುವುದಿಲ್ಲ. ಬಬಲೇಶ್ವರದ ಯಲಗೂರಪ್ಪನ ಬಲತೋಳು ಅಂಥದ್ದು.

ಎಪ್ಪತ್ಮೂರರ ಸುಗ್ಗಿಯಲ್ಲಿ, ಬದುವಿನ ಮೇಲಿನ ಒಂದು ಜಾಲಿಗಿಡದ ಸಲುವಾಗಿ ಅವನಿಗೂ ಅವನ ಕಾಕಾನ ಮಗ ಅಮೋಘಿಗೂ ಜಗಳ ಬಿತ್ತು. ಅಮೋಘಿ ಬೀಸಿದ ಕುಡಗೋಲು ಯಲಗೂರಪ್ಪನ ತೋಳಿನ ಬೆಳ್ಳಿ ತಾಯಿತಕ್ಕೆ ತಾಗಿ ಠಣ್ಣೆಂದು ಜಾರಿತು. ಯಲಗೂರಪ್ಪನ ಕೊಡಲಿ ಜಾರಲಿಲ್ಲ. ಅಮೋಘಿಯ ಬಲಗೈಯ ಮೂರು ಬೆರಳು ಜೋಳದ ಕೂಳೆಯ ನಡುವೆ ಬಿದ್ದವು.

"ನನ್ನ ಮೈಗೆ ಕಬ್ಬಿಣ ತಾಗಂಗಿಲ್ಲೋ ಲೇ!" ಎಂದು ಯಲಗೂರಪ್ಪ ಕೂಗಿದ್ದನ್ನು ಸುತ್ತಲಿನ ಹೊಲದವರೆಲ್ಲ ಕೇಳಿದರು. ಹಿರಿಯರು ಕೂತು ಪೊಲೀಸರ ತನಕ ಹೋಗದಂತೆ ಬಗೆಹರಿಸಿದರು. ಆಮೇಲೆ ಅವನಿಗೆ ಎದುರಾಡುವವರು ಉಳಿಯಲಿಲ್ಲ.

ತಾಯಿತದ ಕಥೆ ಹಳೆಯದು. ಬ್ರಿಟಿಷರು ಕಾಬೂಲಿನ ಮೇಲೆ ಲಡಾಯಿಗೆ ಹೋದಾಗ ಸೈನ್ಯ ಸಾಗಿಸಲು ಸಿಬಿ ಎಂಬ ಗಡಿಯೂರಿನ ಕಡೆಗೆ ಅವಸರದಲ್ಲಿ ರೈಲು ಹಾಕಿದರಂತೆ. ಹೊಟ್ಟೆಪಾಡಿಗಾಗಿ ಹಳಿ ಹೊರಲು ಹೋದವರಲ್ಲಿ ಯಲಗೂರಪ್ಪನ ಮುತ್ತಜ್ಜ ಬೀರಪ್ಪನೂ ಒಬ್ಬ. ಒಂದು ಮುಂಜಾನೆ ಗುಡ್ಡದವರು ಇಳಿದುಬಂದು ಇಡೀ ತಂಡವನ್ನು ಕತ್ತರಿಸಿ ಹಾಕಿದರು. ಸತ್ತ ಸಾಹೇಬನ ಕೆಳಗೆ ಉಸಿರು ಬಿಗಿಹಿಡಿದು ಮಲಗಿದ್ದ ಬೀರಪ್ಪ ಬದುಕಿದ. ಸಾಹೇಬನ ಎದೆಯ ಮೇಲಿದ್ದ ನಕ್ಷೆ ಅವನ ಜೊತೆ ಊರಿಗೆ ಬಂತು. ಮಡಚಲು ಅನುಕೂಲವಾಗಲೆಂದು ಚೌಕಚೌಕವಾಗಿ ಕತ್ತರಿಸಿ ಬಟ್ಟೆಗೆ ಅಂಟಿಸಿದ ನಕ್ಷೆ ಅದು. ತಾನು ಬದುಕಿದ ಜಾಗದ ಚೌಕವನ್ನು ಕಿತ್ತು ಬೀರಪ್ಪ ತಾಯಿತದೊಳಗೆ ಹಾಕಿಕೊಂಡ. ಉಳಿದದ್ದನ್ನು, ತಿಕೋಟಾ ಊರಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಒಯ್ದು ಕಾಳಿನ ಗಡಿಗೆಯ ಬಾಯಿಗೆ ಕಟ್ಟಿದಳು.

ಆ ಗಡಿಗೆಯ ಬಾಯಿ ಬಿಚ್ಚಿಸಿದವನು ವಿಜಾಪುರದ ಸೈಫುದ್ದೀನ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಎಲ್ಲ ದೇವರೂ ಅವನ ಕೈಯಲ್ಲಿ ಗಾಜಿನೊಳಗೆ ಹೋಗುತ್ತಿದ್ದರು. ಅವನ ಸ್ವಂತ ಗೋಡೆಯ ಮೇಲೆ ಮಾತ್ರ ಹಳೆಯ ಲಡಾಯಿಗಳ ರೈಲಿನ ನಕ್ಷೆಗಳು. ಯಾವ ಸಂದೂಕಿನಲ್ಲಿ ಅಂಥದ್ದಿದೆ ಎಂದು ಕಿವಿಗೆ ಬಿದ್ದರೂ ಸೈಕಲ್ ಹತ್ತುತ್ತಿದ್ದ. ತಿಕೋಟಾದವರಿಗೆ ಬಸವಣ್ಣನ ಪಟಕ್ಕೆ ಪುಕ್ಕಟೆ ಕಟ್ಟು ಹಾಕಿಕೊಟ್ಟು ನಕ್ಷೆ ತಂದ. ಅದರ ನಡುವೆ ಒಂದು ಚೌಕ ಖಾಲಿ. ಕರಿಯ ಗೆರೆ ಅಲ್ಲಿಯವರೆಗೆ ಬಂದು ಬಾವಿಗೆ ಬಿದ್ದಂತೆ ನಿಂತುಬಿಡುತ್ತಿತ್ತು. ಕಥೆ ತಿಳಿದು ಬಬಲೇಶ್ವರಕ್ಕೆ ಹೋಗಿ ಕೇಳಿದ್ದ.

"ಜೀವಾನ ಕೇಳಾಕ ಬಂದಿಯಲ್ಲೋ ಸಾಬ," ಎಂದು ಯಲಗೂರಪ್ಪ ನಕ್ಕು ಅವನ ಸೈಕಲ್ಲನ್ನು ಹಳ್ಳಕ್ಕೆ ಎಸೆದಿದ್ದ.

ಮರುವರ್ಷದ ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲು ಹತ್ತಿದವಳು ಯಲಗೂರಪ್ಪನ ಹೆಂಡತಿ ಹುಚ್ಚವ್ವ. ಒಂದು ಕಣ್ಣು ಬಾತು ಮುಚ್ಚಿತ್ತು. ಕುಪ್ಪಸದ ತೋಳು ರಕ್ತಕ್ಕೆ ಅಂಟಿ ಒಣಗಿತ್ತು. ಸೆರಗಿನ ಗಂಟು ಬಿಚ್ಚಿ, ಮಾಸಿದ ಚೌಕವೊಂದನ್ನು ಗಾಜಿನ ಮೇಲೆ ಇಟ್ಟಳು.

"ತಗೋರಿ ಸಾಬ್ರ. ಕುಡುದು ಬಿದ್ದಿದ್ದ, ತಗದೆ. ಒಳಗ ನನ್ನ ಸೀರಿ ಚಿಂದಿ ತುಂಬಿ ಅರಗು ಹಚ್ಚೇನಿ."

ಸೈಫುದ್ದೀನನ ಕೈ ಅರ್ಧಕ್ಕೆ ನಿಂತಿತು. "ತಂಗಿ, ಇದು ಹೋದ್ರ ಅಂವನ್ನ ಯಾರರ ಹೊಡದ ಹಾಕ್ತಾರಲ್ಲ?"

"ಸಾಯಬಾರ್ದ್ರಿ. ಅಂಜಬೇಕು. ಮನಶ್ಯಾಗ ಒಂದೀಟರ ಅಂಜಿಕಿ ಇರಬೇಕಲ್ರಿ? ಅಂವಂಗ ದೇವ್ರ ಅಂಜಿಕೀನೂ ಇಲ್ಲ."

ಪ್ರತಿಯಾಗಿ ಏನನ್ನೂ ಕೇಳದೆ ಇಳಿದುಹೋದಳು. ಸೈಫುದ್ದೀನ ಹಿಟ್ಟಿನ ಅಂಟು ಕಲಸಿದ. ಚೌಕ ತನ್ನ ಜಾಗದಲ್ಲಿ ಕೂತಿತು. ಕರಿಯ ಗೆರೆ ಅದರ ನಡುವಿನವರೆಗೆ ಬಂದು ಅಲ್ಲಿಂದ ಚುಕ್ಕೆಚುಕ್ಕೆಯಾಗಿ ಮುಂದೆ ಹೋಗಿತ್ತು. ನಕ್ಷೆ ಬರೆದಾಗ ಅಷ್ಟು ದಾರಿ ಇನ್ನೂ ಹಾಕಿರಲಿಲ್ಲ. ಸಂತೋಷಕ್ಕೆ ಅವನ ಕಣ್ಣು ತುಂಬಿದವು.

ಎರಡು ದಿನದ ನಂತರ, ಸಾರು ಉಪ್ಪಾಯಿತೆಂದು ಯಲಗೂರಪ್ಪ ಒಲೆಯಿಂದ ಉರಿಯುವ ಕೊಳ್ಳಿ ಕಿತ್ತು ಎತ್ತಿದ. ಹುಚ್ಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಬಡಿ. ಮೊದಲ ತಾಯ್ತಾ ಬಿಚ್ಚಿ ನೋಡಿ ಬಡಿ."

ಹಲ್ಲಿನಿಂದ ಅರಗು ಕಡಿದು ಬಿಚ್ಚಿದ. ಸೀರೆಯ ಚಿಂದಿ ಬೆರಳಿಗೆ ಬಂತು. ಕೊಳ್ಳಿ ತಾನಾಗಿಯೇ ಕೆಳಗಿಳಿಯಿತು.

"ಎಲ್ಲೈತಿ ಬೇ?"

"ವಿಜಾಪುರದ ಸಾಬ್ರ ಗ್ವಾಡಿ ಮ್ಯಾಲ."

ತಾನೇ ಹೋಗಿ ತರಬೇಕೆಂದರೆ ಖಾಲಿ ತಾಯಿತದ ತೋಳಿನಲ್ಲಿ ಬಸ್ ಸ್ಟ್ಯಾಂಡ್ ದಾಟಬೇಕು. ಅಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ. "ನೀನ ತಂದ ಕೊಡು. ಯಾರಿಗೂ ಹೇಳಬ್ಯಾಡ," ಎಂದ. ಅವನು ಅವಳನ್ನು ಬೇಡಿಕೊಂಡದ್ದು ಅದೇ ಮೊದಲು.

ಹುಚ್ಚವ್ವ ನಾಳೆ ಎಂದಳು. ಮರುದಿನವೂ ನಾಳೆ ಎಂದಳು. ಗಂಡ ಈಗ ಅವಳ ಒಲೆಯ ಪಕ್ಕ ಕೂರುತ್ತಿದ್ದ. ನಾಯಿ ಬೊಗಳಿದರೆ ಅವಳ ಮುಖ ನೋಡುತ್ತಿದ್ದ. ಅವಳ ಮೈಮೇಲಿನ ಹಸಿರುಗಟ್ಟಿದ ಪೆಟ್ಟುಗಳು ಹಳದಿಯಾಗಿ ಮಾಯತೊಡಗಿದವು. ದೇವರು ಕೊಟ್ಟ ಈ ಸುಖ ಇನ್ನೊಂದು ದಿನ ಇರಲಿ ಎಂದುಕೊಂಡಳು. ಅವನು ಕಂಬಳಿಯೊಳಗೆ ಕೊಡಲಿ ಇಟ್ಟುಕೊಂಡೇ ಉಣ್ಣುತ್ತಿದ್ದುದನ್ನು ಕಂಡಳು. ಕಂಡೂ ಸುಮ್ಮನಿದ್ದಳು.

ಅತ್ತ ಸೈಫುದ್ದೀನನಿಗೆ ನಮಾಜಿನಲ್ಲಿ ಮನಸ್ಸು ನಿಲ್ಲದಾಯಿತು. ನಕ್ಷೆಯ ಕಡೆ ತಿರುಗಿದರೆ ಆ ಬಾತ ಕಣ್ಣೇ ಕಾಣುತ್ತಿತ್ತು. ಕೊನೆಗೆ ಒದ್ದೆ ಬಟ್ಟೆ ಹಾಕಿ ನೆನೆಸಿ ಚೌಕವನ್ನು ಕಿತ್ತ. ಬಬಲೇಶ್ವರದ ಸಂತೆಯ ದಿನ ಮುಂಜಾನೆಯ ಬಸ್ಸು ಹಿಡಿದ. ದಾರಿಯಲ್ಲಿ ಸಾರವಾಡದಲ್ಲಿ ಕುರಿ, ಕೋಳಿ, ಮೆಣಸಿನಕಾಯಿ ಚೀಲಗಳೆಲ್ಲ ಹತ್ತುವಷ್ಟರಲ್ಲಿ ತಡವಾಯಿತು.

ಅದೇ ಹೊತ್ತಿಗೆ ಯಲಗೂರಪ್ಪ ಸಂತೆಯಲ್ಲಿ ಉಳ್ಳಾಗಡ್ಡಿ ರಾಶಿಗೆ ಬೆನ್ನು ಕೊಟ್ಟು ನಿಂತಿದ್ದ. ರಾಶಿಯ ಹಿಂದಿನಿಂದ ಬಂದು ಒಂದು ಕೈ ಅವನ ಭುಜದ ಮೇಲೆ ಕೂತಿತು. ಓರೆಗಣ್ಣಿಗೆ ಕಂಡದ್ದು ಎರಡೇ ಬೆರಳು.

ಕಂಬಳಿ ಜಾರಿತು. ಮೊದಲ ಪೆಟ್ಟು ಅಮೋಘಿಯ ಕುತ್ತಿಗೆ ಮತ್ತು ಭುಜದ ಸಂದಿನಲ್ಲಿ ಕೂತಿತು. "ಯಣ್ಣಾ," ಎಂದು ಅವನು ಮಂಡಿಯೂರಿದ. ಎರಡನೆಯದು ತಲೆಯ ರುಮಾಲು ಸೀಳಿ ಇಳಿಯಿತು. ಅವನು ಬಿದ್ದ ಮೇಲೂ ಯಲಗೂರಪ್ಪ ನಿಲ್ಲಲಿಲ್ಲ. ಅಂಜಿಕೆಯಿಂದ ಅಳುತ್ತಲೇ ಕಡಿದ. ಉಳ್ಳಾಗಡ್ಡಿಗಳು ಕೆಂಪಾಗಿ ಉರುಳಿದವು. ಜನ ತಕ್ಕಡಿ ಬಿಟ್ಟು ಓಡಿದರು.

ಗಡಿಗೆ ಮಾರುವವರ ಸಾಲಿನಿಂದ ಹುಚ್ಚವ್ವ ಓಡಿಬಂದಳು. ಅಮೋಘಿಯ ಎಡಗೈ ಇನ್ನೂ ಮುಷ್ಟಿಯಾಗಿತ್ತು. ಬಿಡಿಸಿದಳು. ಎಲೆ, ಅಡಕೆ, ಅರಿಷಿಣದ ಅಕ್ಕಿ. ಮಗಳ ಲಗ್ನಕ್ಕೆ ಕರೆಯಲು ಬಂದಿದ್ದ.

"ಅಂವ ಹಿಂದಿನಿಂದ ಯಾಕ ಬಂದ?" ಯಲಗೂರಪ್ಪ ನೆಲಕ್ಕೆ ಕುಸಿದು ಕೇಳಿದ. "ಮುಂದಿನಿಂದ ಯಾಕ ಬರಲಿಲ್ಲ?"

ಜನರನ್ನು ಸರಿಸಿಕೊಂಡು ಸೈಫುದ್ದೀನ ಬಂದ. ಮಡಚಿದ ಕರವಸ್ತ್ರ ಚಾಚಿದ. "ತಂಗಿ, ತಂದೇನಿ..."

ಹುಚ್ಚವ್ವ ಅದನ್ನು ನೋಡಿದಳು. "ಯಾರಿಗೆ ಕಟ್ಟಲ್ರಿ ಸಾಬ್ರ ಈಗ?"

ಗಂಡ ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದಿದ್ದ. "ನನ್ನ ಬಿಟ್ಟ ಹೋಗಬ್ಯಾಡ ಬೇ, ಹೊಡೀತಾರ," ಎಂದ. ಅವಳು ಒಂದೊಂದೇ ಬೆರಳು ಬಿಡಿಸಿ, ಎಲೆ ಅಡಕೆಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು ನಡೆದಳು. ಸಂತೆಯ ಸುದ್ದಿ ಅಮೋಘಿಯ ಮನೆ ಮುಟ್ಟುವ ಮೊದಲು ತಾನು ಮುಟ್ಟಬೇಕಿತ್ತು.

ಅಮೋಘಿಯ ಹೆಂಡತಿ ಸಕ್ರವ್ವ ಪಡಸಾಲೆಯಲ್ಲಿ ಲಗ್ನದ ಅರಿಷಿಣ ಬೀಸುತ್ತಿದ್ದಳು. ಹೊಸ್ತಿಲಲ್ಲಿ ನಿಂತವಳನ್ನು ಕಂಡು ಮುಖ ಅರಳಿತು.

"ಯವ್ವಾ, ಯಕ್ಕಾ! ಬಾ ಬೇ, ಒಳಗ ಬಾ. ನಮ್ಮಾಂವ ಸಿಕ್ಕಿದ್ನಿಲ್ಲೋ? ನಾ ಬ್ಯಾಡಂದೆ ನೋಡು, ಹಿರ್ಯಾರ ಕಡಿಂದ ಹೇಳಿ ಕಳ್ಸೂಣು ಅಂದೆ. ಕೇಳಬೇಕಲ್ಲ? 'ಯಣ್ಣ ಯಾರಿಗೂ ಅಂಜಾಂವಲ್ಲ ಬೇ, ಬರಿಗೈಲೆ ಬಂದಾವ್ರಿಗೆ ಏನೂ ಮಾಡಂಗಿಲ್ಲ' ಅಂದು ಹ್ವಾದ."

ಹುಚ್ಚವ್ವ ಹೊಸ್ತಿಲ ಹೊರಗೇ ಕೂತು ಮುಷ್ಟಿ ಬಿಚ್ಚಿದಳು. ಬೀಸುವ ಕಲ್ಲು ಇನ್ನೊಂದು ಸುತ್ತು ತಿರುಗಿ ನಿಂತಿತು.